ಕನ್ನಡ ಮೀಡಿಯಂ ಓದಿದವಳು ಹೊರದೇಶದಲ್ಲಿ ಇಂಗ್ಲಿಷ್ ಟೀಚರ್ ಆಗಬಹುದಾ?

ತಿಪಟೂರ್_ತೆಂಗು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನಗೆ 27 ವರ್ಷ. ಎಸ್ಸೆಸ್ಸೆಲ್ಸಿವರೆಗೂ ಊರಿನ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಎಬಿಸಿಡಿ ಕಲಿತಿದ್ದೇ ಐದನೇ ಕ್ಲಾಸಲ್ಲಿ. ಬಿಎಯಲ್ಲಿ ಐಚ್ಛಿಕ ಇಂಗ್ಲಿಷ್ ತಗೊಂಡೆ, ಮೈಸೂರಲ್ಲಿ ಎಂಎ ಇಂಗ್ಲಿಷ್ ಮುಗಿಸಿದೆ, ಆಮೇಲೆ ಬಿಎಡ್. ಈಗ ಮೂರು ವರ್ಷದಿಂದ ಒಂದು ಖಾಸಗಿ ಶಾಲೆಯಲ್ಲಿ ಆರರಿಂದ ಹತ್ತನೇ ಕ್ಲಾಸಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಸಂಬಳ 17,000. ಬೇಸಿಗೆ ರಜೆ ಬಂದರೆ ಅದರಲ್ಲೂ ಅರ್ಧ.

ನಾಲ್ಕು ತಿಂಗಳಿಂದ ಹೊರದೇಶದ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ. ಎಕ್ಸೆಲ್ ಶೀಟಲ್ಲಿ ಲೆಕ್ಕ ಇಟ್ಟಿದ್ದೇನೆ: ಇಲ್ಲಿವರೆಗೆ 43. ಅದರಲ್ಲಿ 31 ಕಡೆಯಿಂದ ಉತ್ತರವೇ ಇಲ್ಲ. ಒಂಬತ್ತು ಕಡೆ "ನೇಟಿವ್ ಸ್ಪೀಕರ್ಸ್ ಮಾತ್ರ" (ಇಂಗ್ಲಿಷೇ ಮಾತೃಭಾಷೆ ಆಗಿರೋರು) ಅಂತ ಒಂದೇ ಸಾಲು. ಎರಡು ಕಡೆ ದುಡ್ಡು ಕೇಳಿದರು. ಉಳಿದ ಒಂದೇ ಒಂದು ಕಡೆ ವಿಡಿಯೊ ಕಾಲ್ ಇಂಟರ್‌ವ್ಯೂ ಆಯಿತು. ಆ ಮನುಷ್ಯ ಕೇಳಿದ ಮೊದಲ ಪ್ರಶ್ನೆಯೇ "ಇಂಗ್ಲಿಷ್ ಎಲ್ಲಿ ಕಲಿತೆ?" ಅಂತ. ನಾನು "ಶಾಲೆಯಲ್ಲಿ" ಅಂದೆ. ನಕ್ಕ. ಆರೇ ನಿಮಿಷಕ್ಕೆ ಕಾಲ್ ಮುಗೀತು. ಆವತ್ತು ಊಟ ಸೇರಲಿಲ್ಲ, ನಿಜ ಹೇಳ್ತೀನಿ.

ಈಗ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯವರು ಸಿಕ್ಕಿದ್ದಾರೆ. 1.6 ಲಕ್ಷ ಕೊಟ್ಟರೆ ಟೆಫ್ಲ್ (ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸೋ ತರಬೇತಿ) ಸರ್ಟಿಫಿಕೇಟ್ ಜೊತೆಗೆ ಥಾಯ್ಲೆಂಡಲ್ಲಿ ಕೆಲಸ ಗ್ಯಾರಂಟಿ ಅಂತೆ. ಟೂರಿಸ್ಟ್ ಆಗಿ ಹೋಗಿಬಿಡಿ, ವೀಸಾ ಅಲ್ಲಿ ಕನ್ವರ್ಟ್ ಮಾಡಿಸ್ತೀವಿ ಅಂತಾರೆ. ಅಪ್ಪ ಕೊಬ್ಬರಿ ಮಾರಿದ ದುಡ್ಡಿದೆ, ಕೊಡ್ತೀನಿ ಅಂದಿದ್ದಾರೆ. ಅದಕ್ಕೇ ಭಯ.

ಕನ್ನಡ ಮೀಡಿಯಂ ಅನ್ನೋದು ನಿಜಕ್ಕೂ ತೊಂದರೆನಾ? ಯಾವ ದೇಶ ನಮ್ಮಂಥವರನ್ನ ತಗೊಳ್ಳುತ್ತೆ? ಟೆಫ್ಲ್ ಬೇಕೇ ಬೇಕಾ? ಹೋದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಸಾಗರ_ಟು_ಸಯಾಮ್:

ದುಡ್ಡು ಕೊಡಬೇಡಿ. ಇದೊಂದನ್ನ ಮೊದಲು ಹೇಳಿಬಿಡ್ತೀನಿ, ಮಿಕ್ಕಿದ್ದು ಆಮೇಲೆ.

ನಾನು ಸಾಗರದ ಕಡೆಯವನು. ಥಾಯ್ಲೆಂಡಿನ ಈಶಾನ್ಯ ಭಾಗದ ಒಂದು ಪ್ರೌಢಶಾಲೆಯಲ್ಲಿ ಇದು ನಾಲ್ಕನೇ ವರ್ಷ. ನಂದೂ ಕನ್ನಡ ಮೀಡಿಯಮ್ಮೇ. ಇಲ್ಲಿ ಯಾರೂ ಇವತ್ತಿನವರೆಗೆ ಅದನ್ನ ಕೇಳಿಲ್ಲ. ಕೇಳೋದು ಪಾಸ್‌ಪೋರ್ಟ್ ಯಾವ ದೇಶದ್ದು ಅಂತ. ನೋವಾದರೂ ಇದನ್ನ ಮೊದಲೇ ತಿಳ್ಕೊಂಡರೆ 43 ಅರ್ಜಿ ಹಾಕೋ ಶ್ರಮ ಉಳಿಯುತ್ತೆ. "ನೇಟಿವ್ ಸ್ಪೀಕರ್" ಅನ್ನೋದು ಎಷ್ಟೋ ಕಡೆ ಭಾಷೆಯ ವಿಷಯವೇ ಅಲ್ಲ, ವೀಸಾ ಕಾನೂನಿನ ವಿಷಯ. ಭಾಷೆ ಕಲಿಸೋರಿಗೆ ಕೊಡೋ ಕೊರಿಯಾದ ಇ-2 ವೀಸಾ ನೋಡಿ. ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಈ ಏಳು ದೇಶದವರಿಗೇ ಅಂತ ಇಟ್ಟಿರೋದು. ಭಾರತದ ಜೊತೆಗಿನ ಒಪ್ಪಂದದಲ್ಲಿ ಒಂದು ಸಣ್ಣ ಕಿಂಡಿ ಇದೆ, ಆದರೆ ಅದರಲ್ಲಿ ಒಳಗೆ ಹೋದವರನ್ನ ನಾನಂತೂ ನೋಡಿಲ್ಲ. ಚೀನಾದಲ್ಲೂ ಹೆಚ್ಚು ಕಡಿಮೆ ಇದೇ ಕಥೆ. ಅಲ್ಲಿನ ಖಾಸಗಿ ಟ್ಯೂಷನ್ ಕಂಪನಿಗಳ ಮೇಲೆ 2021ರಲ್ಲಿ ಸರ್ಕಾರ ಮುಗಿಬಿದ್ದ ಮೇಲೆ ಇದ್ದ ಕೆಲಸಗಳೂ ಹೋದವು. ನಿಮ್ಮ ಶೀಟಲ್ಲಿ ಈ ಎರಡು ದೇಶದ ಅರ್ಜಿ ಎಷ್ಟಿವೆ ಎಣಿಸಿ. ಅವು ನಿಮ್ಮ ಸೋಲಿನ ಲೆಕ್ಕಕ್ಕೇ ಬರಲ್ಲ.

ಥಾಯ್ಲೆಂಡ್ ತಗೊಳ್ಳುತ್ತೆ. ಫಿಲಿಪ್ಪೀನ್ಸ್‌ನವರು ರಾಶಿ ಇದ್ದಾರೆ, ನಮ್ಮವರೂ ಇದ್ದಾರೆ. ಸರಿಯಾದ ದಾರಿ ಹೀಗೆ: ಮೊದಲು ಶಾಲೆ ಕೆಲಸದ ಪತ್ರ ಮತ್ತೆ ದಾಖಲೆ ಕಳಿಸಬೇಕು. ಅದನ್ನಿಟ್ಟುಕೊಂಡು ನೀವು ಭಾರತದಲ್ಲೇ ಕೂತು ನಾನ್-ಇಮಿಗ್ರೆಂಟ್ ಬಿ ವೀಸಾಗೆ ಅರ್ಜಿ ಹಾಕಬೇಕು. ಅದು ಮೊದಲಿಗೆ 90 ದಿನ. ಇಲ್ಲಿಗೆ ಬಂದ ಮೇಲೆ ವರ್ಕ್ ಪರ್ಮಿಟ್ ಆಗಿ ವೀಸಾ ವರ್ಷಕ್ಕೆ ಮುಂದುವರಿಯುತ್ತೆ. ಶಿಕ್ಷಕರ ಪರವಾನಗಿ ಕೊಡೋ ಸಂಸ್ಥೆಯ ಹೆಸರು ಖುರುಸಫಾ. ಗುರುಸಭಾ ಅಂತ ಓದ್ಕೊಳ್ಳಿ, ಪದ ಅದೇ. ಪರವಾನಗಿ ಇಲ್ಲದವರಿಗೆ ಶಾಲೆಯೇ ಅಲ್ಲಿ ಕೇಳಿ ತಾತ್ಕಾಲಿಕ ಅನುಮತಿ ಕೊಡಿಸುತ್ತೆ. ನಿಮ್ಮ ಬಿಎಡ್ಡಿಗೆ ಬೆಲೆ ಇರೋದು ಇಲ್ಲಿ. ನನ್ನ ಜೊತೆ ಇರೋ ಇಂಗ್ಲೆಂಡಿನ ಹುಡುಗ ಓದಿರೋದು ಸ್ಪೋರ್ಟ್ಸ್ ಸೈನ್ಸು. ಅವನಿಗೆ ಪ್ರತಿ ಸಲ ತಾತ್ಕಾಲಿಕ ಅನುಮತಿಯ ತಲೆಬಿಸಿ.

ನೇಟಿವ್ ಅಲ್ಲದವರಿಗೆ ಟೋಯಿಕ್ ಅನ್ನೋ ಇಂಗ್ಲಿಷ್ ಪರೀಕ್ಷೆಯಲ್ಲಿ 990ಕ್ಕೆ 600 ಕೇಳುತ್ತಾರೆ. ಎಂಎ ಇಂಗ್ಲಿಷ್ ಮಾಡಿದ್ದೀನಿ ಅಂದರೂ ಬಿಡಲ್ಲ. ನಿಮಗೆ ಅದು ನೀರು ಕುಡಿದಷ್ಟು ಸುಲಭ, ಆದರೆ ಕಾಗದ ಬೇಕು.

ಸಂಬಳದ ವಿಷಯ ಮುಚ್ಚಿಡಲ್ಲ. ನನ್ನ ಮೊದಲ ಕೆಲಸದಲ್ಲಿ 21,000 ಬಾತ್. ಒಂದು ಬಾತ್ ಅಂದರೆ ಎರಡೂವರೆಯಿಂದ ಮೂರು ರೂಪಾಯಿ ಹಿಡ್ಕೊಳ್ಳಿ. ಆ ಸ್ಪೋರ್ಟ್ಸ್ ಸೈನ್ಸ್ ಹುಡುಗನಿಗೆ 35,000. ಅವನದೂ ನನ್ನದೂ ಒಂದೇ ಕ್ಲಾಸು, ಒಂದೇ ಪುಸ್ತಕ. ವ್ಯಾಕರಣದ ಡೌಟ್ ಬಂದರೆ ನನ್ನ ಟೇಬಲ್ಲಿಗೇ ಬರ್ತಾನೆ, ಪಾಪ ಒಳ್ಳೇ ಹುಡುಗ. ಮೊದಲ ವರ್ಷ ಇದು ಹೊಟ್ಟೆಯೊಳಗೆ ಉರೀತಾ ಇತ್ತು. ಈಗ ಸ್ವಲ್ಪ ಕಡಿಮೆ. ಪೂರ್ತಿ ಹೋಗಿದೆ ಅಂದರೆ ಸುಳ್ಳಾಗುತ್ತೆ.

ಶಾಲೆ ಶುರುವಾಗೋದು ಮೇ ತಿಂಗಳಲ್ಲಿ, ಹಾಗಾಗಿ ಮಾರ್ಚ್, ಏಪ್ರಿಲ್‌ನಲ್ಲಿ ಜಾಸ್ತಿ ಕೆಲಸ. ಅಕ್ಟೋಬರಿನಲ್ಲಿ ಇನ್ನೊಂದು ಸಲ. ಅಜಾರ್ನ್ ಡಾಟ್ ಕಾಮ್ ನೋಡಿ. ಅಜಾರ್ನ್ ಅಂದರೆ ನಮ್ಮ ಆಚಾರ್ಯನೇ.

ಪುತ್ತೂರಕ್ಕ:

ತಂಗೀ, ನಿನ್ನ ಹತ್ರ ಬಿಎಡ್ ಇದೆ, ಎಂಎ ಇದೆ, ಮೂರು ವರ್ಷದ ಅನುಭವ ಇದೆ. ಗಲ್ಫ್ ಯಾಕೆ ನೋಡಲಿಲ್ಲ ಮಾರಾಯ್ತಿ?

ದುಬೈ, ಶಾರ್ಜಾ, ಮಸ್ಕತ್, ಕುವೈತ್, ಎಲ್ಲ ಕಡೆ ಸಿಬಿಎಸ್‌ಇ ಶಾಲೆಗಳಿವೆ. ಅಲ್ಲಿ ನೇಟಿವ್ ಸ್ಪೀಕರ್ ಅನ್ನೋ ಮಾತೇ ಬರಲ್ಲ, ಯಾಕಂದ್ರೆ ಟೀಚರುಗಳೆಲ್ಲ ನಮ್ಮವರೇ. ಮೊದಲು ಕೇಳೋದು ಬಿಎಡ್. ಬಿಎಯಲ್ಲಿ ಓದಿದ ವಿಷಯ ಮತ್ತೆ ನೀನು ಪಾಠ ಮಾಡುವ ವಿಷಯ ಒಂದೇ ಇರಬೇಕು, ನಿನಗೆ ಇದೆ. ನಾನು ಇಲ್ಲಿ ಯುಎಇಯಲ್ಲಿ ಸೇರಿದ್ದು 2018ರಲ್ಲಿ. ಇಂಟರ್‌ವ್ಯೂ ಮಂಗಳೂರಿನ ಒಂದು ಹೋಟೆಲಿನಲ್ಲಿ ನಡೀತು. ಶುರುವಿನ ಸಂಬಳ 3,200 ದಿರ್ಹಂ. ದೊಡ್ಡದಲ್ಲ. ಗಂಡನ ಕೆಲಸ ಆಗಲೇ ಇಲ್ಲಿತ್ತು, ಅದಕ್ಕೇ ನಡೀತು. ಒಂದು ಗುಟ್ಟು ಹೇಳ್ತೇನೆ. ಗಂಡನ ವೀಸಾದಲ್ಲಿ ಇರುವ ಹೆಂಗಸರನ್ನು ಕೆಲವು ಶಾಲೆಗಳು ಬೇಗ ತಗೊಳ್ಳುತ್ತವೆ, ಮನೆ ಕೊಡುವ ಖರ್ಚು ಉಳಿಯುತ್ತದಲ್ಲ. ನೀನು ಒಬ್ಬಳೇ ಬರುವುದಾದರೆ ವೀಸಾ, ಮನೆ, ವರ್ಷಕ್ಕೊಂದು ಟಿಕೆಟ್, ಇದೆಲ್ಲ ಪತ್ರದಲ್ಲಿ ಬರೆದಿದೆಯಾ ನೋಡು. ಬಾಯಿ ಮಾತು ನಂಬಬೇಡ.

ಇನ್ನು ಕಾಗದದ ಕಥೆ. ಯುಎಇಗೆ ಬರಬೇಕಾದರೆ ಡಿಗ್ರಿ ಸರ್ಟಿಫಿಕೇಟಿಗೆ ಮೊದಲು ನಮ್ಮ ರಾಜ್ಯದಲ್ಲಿ ಮುದ್ರೆ, ಆಮೇಲೆ ವಿದೇಶಾಂಗ ಇಲಾಖೆಯದ್ದು, ಆಮೇಲೆ ಯುಎಇ ರಾಯಭಾರ ಕಚೇರಿಯದ್ದು, ಇಲ್ಲಿ ಬಂದ ಮೇಲೆ ಇಲ್ಲಿನವರದ್ದು. ನನ್ನ ಬಿಎ ಸರ್ಟಿಫಿಕೇಟಿನ ಹಿಂದೆ ಈಗ ಜಾಗವೇ ಇಲ್ಲ, ಲಾರಿ ಹಿಂದಿನ ಬೋರ್ಡಿನ ಹಾಗೆ ಆಗಿದೆ. ಒಮಾನ್, ಸೌದಿ, ಬಹ್ರೇನ್‌ಗೆ ಇಷ್ಟು ಕಷ್ಟ ಇಲ್ಲ, ವಿದೇಶಾಂಗ ಇಲಾಖೆಯವರು ಅಂಟಿಸುವ ಅಪಾಸ್ಟಿಲ್ ಸ್ಟಿಕರ್ ಸಾಕು.

ಅಂದ ಹಾಗೆ ಕಾನ್ವೊಕೇಶನ್ ಸರ್ಟಿಫಿಕೇಟ್ ತಗೊಂಡಿದ್ದೀಯಾ? ಹೆಚ್ಚಿನವರು ಮಾರ್ಕ್ಸ್ ಕಾರ್ಡ್, ಪ್ರೊವಿಜನಲ್ ಇಟ್ಟುಕೊಂಡು ಕೂತಿರ್ತಾರೆ. ಅದು ನಡೆಯಲ್ಲ.

ಹುಬ್ಬಳ್ಳಿ_ಗಿರ್ಮಿಟ್:

ನನ್ನ ಕಥೆ ಕೇಳಿ, ಆಮೇಲೆ ಆ 1.6 ಲಕ್ಷದ ಬಗ್ಗೆ ಯೋಚನೆ ಮಾಡ್ರಿ.

2023ರ ಕೊನೆಗೆ ನಾನು ವಿಯೆಟ್ನಾಂಗೆ ಹೋದೆ. ಏಜೆಂಟ್ ಹೇಳಿದ್ದು ಥೇಟ್ ಇದೇ ಮಾತು: ಟೂರಿಸ್ಟ್ ಆಗಿ ಹೋಗ್ರಿ, ಅಲ್ಲೇ ಎಲ್ಲಾ ಮಾಡಿಸ್ತೀವಿ. ಅಲ್ಲಿ 90 ದಿನದ ಇ-ವೀಸಾ ಸಿಗುತ್ತೆ, ಹಾಗಾಗಿ ಸುಲಭ ಅನ್ನಿಸಿತು. ಒಂದು ಇಂಗ್ಲಿಷ್ ಸೆಂಟರಿನಲ್ಲಿ ಸಂಜೆ ಐದೂವರೆಯಿಂದ ಒಂಬತ್ತರವರೆಗೆ ಪಾಠ, ಶನಿವಾರ ಭಾನುವಾರ ಇಡೀ ದಿನ. ಮಕ್ಕಳು ಬಂಗಾರದಂಥವರು. ಮೊದಲ ತಿಂಗಳ ಸಂಬಳ ಬಂತು. ಎರಡನೇ ತಿಂಗಳು ಅರ್ಧ ಬಂತು. ಮೂರನೇ ತಿಂಗಳು ಏನೂ ಬರಲಿಲ್ಲ. ಕೇಳಿದರೆ ಮ್ಯಾನೇಜರ್ ನಗುತ್ತಾ "ನಿನ್ನ ವರ್ಕ್ ಪರ್ಮಿಟ್ ತೋರಿಸು" ಅಂದಳು. ಪರ್ಮಿಟ್ ಮಾಡಿಸಬೇಕಾದವರೇ ಅವರು! ನಾನು ಯಾರ ಹತ್ರ ಹೋಗಿ ದೂರು ಕೊಡಲಿ? ದೂರು ಕೊಟ್ಟರೆ ಮೊದಲು ಒಳಗೆ ಹೋಗೋದು ನಾನೇ. ಒಂದು ದಿನ ಪೊಲೀಸರು ಚೆಕಿಂಗ್‌ಗೆ ಬರ್ತಾರೆ ಅಂತ ಸುದ್ದಿ ಬಂತು. ನಮ್ಮನ್ನು ಮೂರನೇ ಮಹಡಿಯ ಸ್ಟೋರ್ ರೂಮಿಗೆ ಕಳಿಸಿದರು. ನಾನು, ಇಬ್ಬರು ಫಿಲಿಪ್ಪೀನ್ಸ್ ಹುಡುಗಿಯರು, ಮಕ್ಕಳ ಕ್ರಿಸ್ಮಸ್ ಡ್ರೆಸ್ಸಿನ ಮೂಟೆ. ಒಂದೂವರೆ ತಾಸು ಕೂತಿದ್ದೆವು. ಎಂಎ, ಬಿಎಡ್ ಮಾಡಿ ಸಾಂತಾಕ್ಲಾಸ್ ಟೋಪಿಗಳ ನಡುವೆ ಅಡಗಿ ಕೂತಿದ್ದೀನಲ್ಲಾ ಅಂತ ನಗು ಬಂತು, ಆಮೇಲೆ ಅಳು ಬಂತು. ಮುಂದಿನ ವಾರವೇ ವಾಪಸ್ ಬಂದೆ.

ವಿಯೆಟ್ನಾಂ ಕೆಟ್ಟ ದೇಶ ಅಂತಲ್ಲ. ಡಿಗ್ರಿ, ಟೆಫ್ಲ್, ಪೊಲೀಸ್ ಸರ್ಟಿಫಿಕೇಟ್, ಮೆಡಿಕಲ್ ಎಲ್ಲಾ ಸರಿ ಇಟ್ಟುಕೊಂಡು ಪರ್ಮಿಟ್ ತಗೊಂಡು ಹೋದವರು ಚೆನ್ನಾಗಿಯೇ ಇದ್ದಾರೆ. ತಪ್ಪು ದಾರಿ ಹಿಡಿದವನು ನಾನು.

ಮತ್ತೆ ಥಾಯ್ಲೆಂಡ್ ಹೆಸರು ಹೇಳಿ ಕರ್ಕೊಂಡು ಹೋಗಿ ಗಡಿ ದಾಟಿಸಿ ಮ್ಯಾನ್ಮಾರಿನ ಸೈಬರ್ ವಂಚನೆ ಅಡ್ಡೆಗಳಿಗೆ ತಳ್ಳಿದ ಸುದ್ದಿ ನೀವೂ ಓದಿರಬೇಕು. 2025ರ ಮಾರ್ಚಲ್ಲಿ ವಾಯುಪಡೆಯ ವಿಮಾನ ಕಳಿಸಿ ಐನೂರಕ್ಕಿಂತ ಜಾಸ್ತಿ ಭಾರತೀಯರನ್ನ ವಾಪಸ್ ತಂದರಲ್ಲಾ, ಅದೇ. ನಿಮ್ಮ ಕನ್ಸಲ್ಟೆನ್ಸಿ ಆ ಥರದ್ದು ಅಂತ ನಾನು ಹೇಳ್ತಿಲ್ಲ. ಆದರೆ ಕೇಂದ್ರ ಸರ್ಕಾರದ ಇಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ಹೆಸರು ಹಾಕಿ ನೋಡ್ರಿ. ಇನ್ನೊಂದು ಮಾತು. ನೋಂದಾಯಿತ ಏಜೆಂಟ್ ನಿಮ್ಮ ಹತ್ರ ತಗೋಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. 1.6 ಲಕ್ಷ ಎಲ್ಲಿಂದ ಬಂತು ಅಂತ ಅವರನ್ನೇ ಕೇಳ್ರಿ.

ಸಿಲಿಕಾನ್_ಸೀನ:

ಇಷ್ಟೆಲ್ಲಾ ಯಾಕೆ? ಬೆಂಗಳೂರಿನ ಇಂಟರ್‌ನ್ಯಾಷನಲ್ ಸ್ಕೂಲ್‌ಗಳಲ್ಲಿ ಇದಕ್ಕಿಂತ ಜಾಸ್ತಿ ಸಂಬಳ ಇದೆ. 21,000 ಬಾತ್‌ಗೋಸ್ಕರ ಊರು ಬಿಟ್ಟು ಹೋಗಬೇಕಾ? ಇಲ್ಲಾಂದ್ರೆ ಮನೆಯಲ್ಲೇ ಕೂತು ಆನ್‌ಲೈನ್ ಪಾಠ ಮಾಡಿ.

ಹುಬ್ಬಳ್ಳಿ_ಗಿರ್ಮಿಟ್:

ಸೀನಣ್ಣ, ಆ ಶಾಲೆಗಳಲ್ಲೂ ಮೊದಲು ನೋಡೋದು ನೀನು ಯಾವ ಕಾನ್ವೆಂಟ್ ಅಂತಲೇ. ನಾನು ಎರಡು ಕಡೆ ಹೋಗಿ ಬಂದೆ. ಆನ್‌ಲೈನೂ ಮಾಡಿದೆ. ಪ್ರೆಪ್ಲಿ ಅನ್ನೋ ಆನ್‌ಲೈನ್ ಪಾಠದ ವೆಬ್‌ಸೈಟಿನಲ್ಲಿ ಹೊಸ ವಿದ್ಯಾರ್ಥಿಯ ಮೊದಲ ಟ್ರಯಲ್ ಪಾಠದ ದುಡ್ಡು ಪೂರ್ತಿ ಕಂಪನಿಗೇ ಹೋಗುತ್ತೆ, ಆಮೇಲಿನ ಪಾಠದಲ್ಲೂ ಶುರುವಿಗೆ ಮೂರನೇ ಒಂದು ಭಾಗ ಕಮಿಷನ್. ಕೈಖರ್ಚಿಗೆ ಅಡ್ಡಿ ಇಲ್ಲ, ಅದನ್ನೇ ನಂಬಿ ಕೂರಕ್ಕಾಗಲ್ಲ.

ಕಪ್ಪುಹಲಗೆ:

ನಾನು ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುವವನು, ಹದಿನೆಂಟು ವರ್ಷ ಆಯಿತು. ಎರಡು ವಿಷಯ ಹೇಳುತ್ತೇನೆ.

ಟೆಫ್ಲ್ ಎಂಬ ಹೆಸರಿನಲ್ಲಿ ಏನು ಬೇಕಾದರೂ ಮಾರುತ್ತಾರೆ. ವಾರಾಂತ್ಯದಲ್ಲಿ ವಿಡಿಯೊ ನೋಡಿ ಟಿಕ್ ಹಾಕಿದರೆ "120 ಗಂಟೆ" ಸರ್ಟಿಫಿಕೇಟ್ ಬರುತ್ತದೆ. ವೀಸಾ ಕಡತಕ್ಕೆ ಒಂದು ಕಾಗದ ಬೇಕು ಎಂದಾದರೆ ಅದಕ್ಕೆ ಕೆಲವು ಸಾವಿರ ಸಾಕು, ಲಕ್ಷ ಬೇಡ. ನಿಜವಾಗಿ ಕಲಿಸುವುದು ಕೇಂಬ್ರಿಜ್‌ನ ಸೆಲ್ಟಾ ಎಂಬ ಶಿಕ್ಷಕರ ಕೋರ್ಸ್. ಅದರಲ್ಲಿ ಆರು ಗಂಟೆ ನೀವು ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡಬೇಕು, ಹಿಂದೆ ಒಬ್ಬರು ಕೂತು ಬರೆದುಕೊಳ್ಳುತ್ತಿರುತ್ತಾರೆ. ನಾಲ್ಕೈದು ವಾರ ನಿದ್ದೆ ಇರುವುದಿಲ್ಲ. ಖರ್ಚು ಲಕ್ಷ ದಾಟುತ್ತದೆ. ನಿಮ್ಮ ಬಿಎಡ್ ಇಟ್ಟುಕೊಂಡು ಮೊದಲ ಕೆಲಸಕ್ಕೆ ಅದು ಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ಎರಡು ವರ್ಷ ದುಡಿದು, ಆ ದುಡ್ಡಲ್ಲಿ ಮಾಡಿ.

ಇನ್ನು ಆ ನಕ್ಕ ಮನುಷ್ಯ. "ಇಂಗ್ಲಿಷ್ ಎಲ್ಲಿ ಕಲಿತೆ" ಎಂದು ಮತ್ತೆ ಯಾರಾದರೂ ಕೇಳಿದರೆ "ಶಾಲೆಯಲ್ಲಿ" ಎಂದು ಒಂದೇ ಪದಕ್ಕೆ ನಿಲ್ಲಿಸಬೇಡಿ. ಹತ್ತು ವರ್ಷದವಳಿದ್ದಾಗ ಎಬಿಸಿಡಿಯಿಂದ ಶುರು ಮಾಡಿ ಎಂಎವರೆಗೆ ಬಂದೆ, ನಿಮ್ಮ ಮಕ್ಕಳೂ ಇದೇ ದಾರಿಯಲ್ಲಿ ಇದ್ದಾರೆ, ಎಲ್ಲಿ ಎಡವುತ್ತಾರೆ ಎಂದು ನನಗೆ ಗೊತ್ತು ಎನ್ನಿ. ಇದು ಸಮಾಧಾನದ ಮಾತಲ್ಲ. ಕನ್ನಡದಲ್ಲಿ "ಎ", "ದಿ" ಇಲ್ಲ. ಥಾಯ್ ಭಾಷೆಯಲ್ಲೂ ಇಲ್ಲ. "ದಿ ಸನ್" ಯಾಕೆ, "ಎ ಸನ್" ಯಾಕಲ್ಲ ಎಂದು ನೀವು ಒಂದು ಕಾಲದಲ್ಲಿ ತಲೆ ಕೆರೆದುಕೊಂಡವರು. ಹುಟ್ಟಿದಾಗಿನಿಂದ ಆ ಭಾಷೆ ಆಡಿದವನಿಗೆ ಆ ಪ್ರಶ್ನೆ ಹುಟ್ಟಿದ್ದೇ ಇಲ್ಲ. ಟೀಸಾಲ್ ಎನ್ನುವ ಅಂತರರಾಷ್ಟ್ರೀಯ ಶಿಕ್ಷಕರ ಸಂಘ 2006ರಲ್ಲೇ ನೇಟಿವ್ ಅಲ್ಲ ಎಂಬ ಕಾರಣಕ್ಕೆ ಭೇದ ಮಾಡುವುದು ತಪ್ಪು ಎಂದು ಹೇಳಿಕೆ ಕೊಟ್ಟಿದೆ. ಸಂಬಳದ ಪಟ್ಟಿ ಮಾಡುವವರು ಅದನ್ನು ಓದುವುದಿಲ್ಲ, ಅದು ಬೇರೆ ಮಾತು.

ನಿಮಗೆ ಐದನೇ ಕ್ಲಾಸಲ್ಲಿ ಕಲಿಸಿದ ಮೇಷ್ಟ್ರು ಜ್ಞಾನಭಾರತಿಯ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ಒಂದು ತಿಂಗಳ ತರಬೇತಿ ಪಡೆದವರೂ ಇರಬಹುದು. ಒಮ್ಮೆ ಮಾತಾಡಿಸಿ ನೋಡಿ. ಹೋಗುವ ಮೊದಲು ಪಾಠ ಮಾಡುವುದನ್ನು ಯಾರಾದರೂ ಅನುಭವಿಗಳು ಕೂತು ನೋಡಿ ಹೇಳುವುದು ಒಳ್ಳೆಯದು.

ತಿಪಟೂರ್_ತೆಂಗು:

ಎಲ್ಲರಿಗೂ ಥ್ಯಾಂಕ್ಸ್. ಎರಡೆರಡು ಸಲ ಓದಿದೆ. ಗಿರ್ಮಿಟ್ ಸರ್, ನಿಮ್ಮ ಸ್ಟೋರ್ ರೂಮಿನ ಕಥೆ ಅಪ್ಪನಿಗೆ ಓದಿ ಹೇಳಿದೆ. ಅವರು ಏನೂ ಮಾತಾಡದೆ ಬ್ಯಾಂಕ್ ಪಾಸ್‌ಬುಕ್ ಬೀರುವಿಗೆ ವಾಪಸ್ ಇಟ್ಟರು. ಇಮೈಗ್ರೇಟ್‌ನಲ್ಲಿ ಆ ಕನ್ಸಲ್ಟೆನ್ಸಿಯ ಹೆಸರಿಲ್ಲ. 30,000ದ ಮಾತು ಎತ್ತಿದ್ದಕ್ಕೆ ಅವರು ನನ್ನ ನಂಬರ್ ಬ್ಲಾಕ್ ಮಾಡಿದ್ದಾರೆ!

ಶೀಟ್ ತೆಗೆದು ನೋಡಿದೆ. 43ರಲ್ಲಿ ಕೊರಿಯಾ, ಚೀನಾ ಸೇರಿ 26.

ಜಪಾನ್ ಬಗ್ಗೆ ನಾನೇ ಹುಡುಕಿದೆ. ಅಲ್ಲಿ ಶಾಲೆಯಲ್ಲಿ ಪಾಠ ಮಾಡೋ ಇನ್‌ಸ್ಟ್ರಕ್ಟರ್ ವೀಸಾಗೆ ನೇಟಿವ್ ಅಲ್ಲದವರು ಹನ್ನೆರಡು ವರ್ಷ ಇಂಗ್ಲಿಷ್ ಮೀಡಿಯಂನಲ್ಲಿ ಓದಿರಬೇಕಂತೆ. ಸೋ ಕನ್ನಡ ಮೀಡಿಯಂ ಒಂದು ಕಡೆಯಾದರೂ ಅಡ್ಡ ಬಂತು.

ಪುತ್ತೂರಕ್ಕ, ಕಾನ್ವೊಕೇಶನ್ ಸರ್ಟಿಫಿಕೇಟ್ ತಗೊಂಡಿಲ್ಲ, ನೀವು ಹೇಳಿದ್ದು ಕರೆಕ್ಟು. ನಾಳೆಯೇ ಮೈಸೂರಿಗೆ ಹೊರಟೆ. ಇನ್ನೊಂದು ತೊಂದರೆ. ಮಾರ್ಕ್ಸ್ ಕಾರ್ಡಲ್ಲಿ ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್ ಮಾತ್ರ ಇದೆ, ಪಾಸ್‌ಪೋರ್ಟಲ್ಲಿ ಅದನ್ನ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಪೂರ್ತಿ ಬರೆದಿದ್ದಾರೆ. ಇದು ನಡೆಯುತ್ತಾ? ಗಲ್ಫ್‌ಗೆ ಒಬ್ಬಳೇ ಅಂದರೆ ಅಮ್ಮ ಒಪ್ಪುತ್ತಿಲ್ಲ, ಥಾಯ್ಲೆಂಡಿಗೆ ಯಾಕೋ ಒಪ್ಪಿದ್ದಾರೆ. ಬುದ್ಧನ ದೇಶ ಅಲ್ವಾ ಅಂತಾರೆ. ಸಾಗರದ ಅಣ್ಣ, ಡೆಮೊ ಕ್ಲಾಸ್ ಹೇಗಿರುತ್ತೆ? ನಾವು ವೆಜ್ಜು, ಅದೂ ಒಂದು ಪ್ರಶ್ನೆ.

ಪುತ್ತೂರಕ್ಕ:

ಇನಿಷಿಯಲ್ ತಾಪತ್ರಯ ಇಲ್ಲದ ಕನ್ನಡಿಗರೇ ಇಲ್ಲ. ಎರಡೂ ಹೆಸರಿನವಳು ಒಬ್ಬಳೇ ಅಂತ ನೋಟರಿ ಹತ್ರ ಅಫಿಡವಿಟ್ ಮಾಡಿಸು, ಎಲ್ಲ ಸರ್ಟಿಫಿಕೇಟ್ ಜೊತೆ ಅದರ ಒಂದು ಪ್ರತಿ ಇಡು. ಅರ್ಜಿಯಲ್ಲಿ ಯಾವಾಗಲೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರೆ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲೇ ಹಾಕಬಹುದು, 500 ರೂಪಾಯಿ. ಅದನ್ನು ಮಾತ್ರ ಈಗಲೇ ಮಾಡಿಸಬೇಡ. ಹಳೆಯದಾದರೆ ತಗೊಳ್ಳಲ್ಲ, ಕೆಲಸ ಖಚಿತ ಆದ ಮೇಲೆ ಮಾಡಿಸು. ಅಮ್ಮನಿಗೆ ಹೇಳು, ಮಸ್ಕತ್‌ನಲ್ಲಿ ಶಿವನ ದೇವಸ್ಥಾನ ಇದೆ ಅಂತ :)

ಸಾಗರ_ಟು_ಸಯಾಮ್:

ಡೆಮೊ ಬಗ್ಗೆ ಕೇಳಿದ್ದು ಒಳ್ಳೇದಾಯ್ತು, ನಾನು ಮೊದಲನೇದರಲ್ಲಿ ಮಣ್ಣು ಮುಕ್ಕಿದವನು.

ಇಪ್ಪತ್ತು ನಿಮಿಷ ಕೊಟ್ಟಿದ್ದರು. ಸಿಂಪಲ್ ಪಾಸ್ಟ್ ಟೆನ್ಸ್. ನಾನು ನಮ್ಮೂರ ಥರ ಬೋರ್ಡಿನ ಮೇಲೆ ಡೆಫಿನಿಷನ್ ಬರೆದು, ವಿವರಿಸಿ, ಮೂರು ಉದಾಹರಣೆ ಕೊಟ್ಟು, "ಅರ್ಥ ಆಯ್ತಾ?" ಅಂದೆ. ನಲವತ್ತು ಮಕ್ಕಳು "ಯೆಸ್ ಟೀಚರ್" ಅಂದರು. ಗಡಿಯಾರ ನೋಡಿದರೆ ಹದಿಮೂರು ನಿಮಿಷ ನಾನೊಬ್ಬನೇ ಮಾತಾಡಿದ್ದೀನಿ. ಅವರಿಗೆ ಒಂದಕ್ಷರ ಅರ್ಥ ಆಗಿರಲಿಲ್ಲ. ಥಾಯ್ ಮಕ್ಕಳು ಗೊತ್ತಾಗಲಿಲ್ಲ ಅಂತ ಬಾಯಿ ಬಿಟ್ಟು ಹೇಳೋದು ಕಡಿಮೆ, ಟೀಚರಿಗೆ ಬೇಜಾರಾಗುತ್ತೆ ಅಂತ. ಕೆಲಸ ಸಿಗಲಿಲ್ಲ.

ಎರಡನೇ ಡೆಮೊಗೆ ಒಂದು ಬಟ್ಟೆ ಚೀಲ ತಗೊಂಡು ಹೋದೆ. ಮೇಜಿನ ಮೇಲಿಟ್ಟು "ವಾಟ್ ಈಸ್ ಇನ್ ದಿ ಬ್ಯಾಗ್?" ಅಂತ ಕೇಳಿ ಸುಮ್ನೆ ನಿಂತೆ. ಒಬ್ಬ "ಫೋನ್" ಅಂದ, ಇನ್ನೊಬ್ಬಳು "ಸ್ನೇಕ್" ಅಂದಳು, ಇಡೀ ಕ್ಲಾಸ್ ಗಲಾಟೆ. ಒಂದೊಂದೇ ತೆಗೆದೆ: ಮಾವಿನಕಾಯಿ, ಬಸ್ ಟಿಕೆಟ್, ಹರಿದ ಚಪ್ಪಲಿ. ನಿನ್ನೆ ನಾನು ಏನು ಮಾಡಿದೆ ಅಂತ ಅವರೇ ಊಹೆ ಮಾಡಿ ಹೇಳಬೇಕು. ಹಿಂದೆ ಕೂತಿದ್ದ ಹೆಡ್ ಮೇಡಂ ಕೂಡ ಚಪ್ಪಲಿ ಯಾಕೆ ಹರೀತು ಅಂತ ಕೇಳಿದರು. ಆ ಕೆಲಸದಲ್ಲೇ ಇವತ್ತಿಗೂ ಇದ್ದೀನಿ.

ಉಚ್ಚಾರಣೆ ಸ್ವಲ್ಪ ನೋಡ್ಕೊಳ್ಳಿ. ಅಮೆರಿಕದವರ ಥರ ಬಾಯಿ ತಿರುಗಿಸೋದು ಬೇಡ, ನಗೆಪಾಟಲಾಗುತ್ತೆ. ನಮ್ಮವೇ ಎರಡು ಮೂರು ಅಭ್ಯಾಸ ಬಿಟ್ಟರೆ ಸಾಕು. "ಎಗ್" ಅನ್ನೋದು "ಯೆಗ್ಗು" ಆಗಬಾರದು, "ಓನ್ಲಿ" ಅನ್ನೋದು "ವೋನ್ಲಿ" ಆಗಬಾರದು. ವೆಸ್ಟ್ ದಿಕ್ಕಿಗೂ ವೆಸ್ಟ್ ಬನಿಯನ್ನಿಗೂ ತುಟಿಯಲ್ಲಿ ವ್ಯತ್ಯಾಸ ಇರಬೇಕು. ಮುಖ್ಯವಾಗಿ ಪದದ ಕೊನೆ. ನಮಗೆ ಕೊನೆಯಲ್ಲಿ ಉಕಾರ ಸೇರಿಸೋ ಚಾಳಿ: ಬಸ್ಸು, ಕಾರು, ಸ್ಕೂಲು. ಥಾಯ್ ಮಕ್ಕಳದ್ದು ಉಲ್ಟಾ. ಅವರ ಭಾಷೆಯಲ್ಲಿ ಪದದ ಕೊನೆಗೆ "ಲ್" ಬಂದರೆ "ನ್" ಆಗುತ್ತೆ, "ಸ್" ಬಂದರೆ "ಟ್" ಆಗುತ್ತೆ. ಸ್ಕೂಲ್ ಅನ್ನೋದು "ಸಕೂನ್", ಬಸ್ ಅನ್ನೋದು "ಬಟ್". ಅವರ ನಕಾರ, ನಮ್ಮ ಉಕಾರ, ನಡುವೆ ಇಂಗ್ಲಿಷ್ ಎಲ್ಲೋ ನಿಂತಿರುತ್ತೆ. ಒಂದು ದಿನ ಇದನ್ನೇ ಬೋರ್ಡಿನ ಮೇಲೆ ಬರೆದು "ನಮ್ಮೂರಲ್ಲಿ ಹೀಗಂತೀವಿ" ಅಂತ "ಬಸ್ಸೂ, ಸ್ಕೂಲೂ" ಅಂದು ತೋರಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಟೀಚರಿಗೂ ತಪ್ಪಾಗುತ್ತೆ ಅಂತ ಗೊತ್ತಾದ ಮೇಲೆ ಅವರು ಬಾಯಿ ಬಿಡೋಕೆ ಶುರು ಮಾಡಿದ್ದು.

ಊಟಕ್ಕೆ ಚಿಂತೆ ಬೇಡ, ಆದರೆ ಹುಷಾರು ಬೇಕು. ವೆಜ್ ಅನ್ನೋದಕ್ಕೆ ಇಲ್ಲಿನ ಪದ "ಮಂಗ್ಸವಿರಾಟ್". ಮಾಂಸವಿರತಿ! ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ "ಜೇ" ಅಂತ ಬರೆದ ಅಂಗಡಿ ಕಂಡರೆ ಕಣ್ಣು ಮುಚ್ಚಿ ಒಳಗೆ ಹೋಗಿ. ಬೇರೆ ಕಡೆ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಸುರೀತಾರೆ. "ಮಾಯ್ ಸೈ ನಾಮ್ ಪ್ಲಾ" ಅಂತ ಬಾಯಿಪಾಠ ಮಾಡ್ಕೊಂಡೇ ವಿಮಾನ ಹತ್ತಿ. ಮೀನಿನ ಸಾಸ್ ಹಾಕಬೇಡಿ ಅಂತ ಅರ್ಥ. ಒಂದು ಕುಕ್ಕರ್ ತನ್ನಿ.

ತಿಪಟೂರ್_ತೆಂಗು:

ಏಳು ವಾರ ಆದ ಮೇಲೆ ಬರೀತಿದ್ದೀನಿ.

ಮೈಸೂರು ವಿಶ್ವವಿದ್ಯಾಲಯದ ಕಚೇರಿ ಕ್ರಾಫರ್ಡ್ ಹಾಲ್‌ಗೆ ಮೂರು ಸಲ ಓಡಾಡಿದೆ, ಕಾನ್ವೊಕೇಶನ್ ಸರ್ಟಿಫಿಕೇಟ್ ಕೈಗೆ ಬಂತು. ಅಫಿಡವಿಟ್ ಆಯ್ತು. ಹೊಸದಾಗಿ ಹನ್ನೊಂದೇ ಅರ್ಜಿ ಹಾಕಿದೆ, ನಾಲ್ಕು ಕಡೆಯಿಂದ ಉತ್ತರ ಬಂತು. ಒಬ್ಬರು "ಇಂಗ್ಲಿಷ್ ಎಲ್ಲಿ ಕಲಿತೆ" ಅಂತಲೇ ಕೇಳಿದರು! ಕಪ್ಪುಹಲಗೆ ಸರ್ ಹೇಳಿಕೊಟ್ಟಿದ್ದನ್ನ ನನ್ನ ಮಾತಲ್ಲಿ ಹೇಳಿದೆ. ಈ ಸಲ ನಗಲಿಲ್ಲ, ಬರ್ಕೊಂಡರು. ಬರೋ ಗುರುವಾರ ಆನ್‌ಲೈನ್ ಡೆಮೊ. ಶಾಲೆಯ ಕ್ಲಾಸ್ ರೂಮಿನಲ್ಲೇ ಪ್ರೊಜೆಕ್ಟರ್ ಹಾಕಿ ಕೂರಿಸ್ತಾರಂತೆ. ಸಂಬಳ 23,000 ಬಾತ್ ಅಂದಿದ್ದಾರೆ. ಕೆಲಸ ಆದರೆ ವೀಸಾ ದಾಖಲೆ ಮೊದಲೇ ಕಳಿಸ್ತೀವಿ ಅಂತ ಮೇಲ್‌ನಲ್ಲಿ ಬರೆದು ಕೊಟ್ಟಿದ್ದಾರೆ. ಟೋಯಿಕ್‌ಗೆ ಓದ್ತಾ ಇದ್ದೀನಿ.

ಚೀಲ ರೆಡಿ ಮಾಡಿದ್ದೀನಿ. ಬಸ್ ಟಿಕೆಟ್, ಅಪ್ಪನ ಹಳೇ ಟಾರ್ಚು, ಒಂದು ಕೊಬ್ಬರಿ ಗಿಟುಕು. ಗಿಟುಕನ್ನ ಕೋಪ್ರಾ ಅಂದರೆ ಆ ಮಕ್ಕಳಿಗೆ ಗೊತ್ತಾಗುತ್ತಾ ಅಣ್ಣ?

ಸಾಗರ_ಟು_ಸಯಾಮ್:

ಕೋಪ್ರಾ ಬೇಡ, ಕೊಕೊನಟ್ ಅನ್ನಿ. ಕೊನೆಯ "ಟ್" ಅವರು ನುಂಗ್ತಾರೆ, ನೀವು "ಟು" ಮಾಡಬೇಡಿ.